ಬ್ರೆಡ್ ಸಿಗದ ಚಳಿಗಾಲ ಕಲಿಸಿದ ಪಾಠ



ಇಲ್ಲಿ ಇಂಗ್ಲೆಂಡಿನ ಯಾವ ಸೂಪರ್‌ಮಾರ್ಕೆಟ್‌ಗೆ ಹೋದರೂ ‘ಗ್ಲೂಟನ್ ಫ್ರೀ’ ಎಂದು ಬರೆದ ಬ್ರೆಡ್, ಬಿಸ್ಕೆಟ್, ಪಾಸ್ತಾ ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಇದೆಲ್ಲ ಈಚಿನ ಫ್ಯಾಷನ್ ಎಂದುಕೊಂಡವರೂ ಇದ್ದಾರೆ. ಆದರೆ ಸೀಲಿಯಾಕ್ ಕಾಯಿಲೆ ಇರುವವರಿಗೆ ಅದು ಫ್ಯಾಷನ್ ಅಲ್ಲ, ಅದೇ ಔಷಧಿ. ಇಷ್ಟು ಸರಳವಾದ ಔಷಧಿ ಗೊತ್ತಾಗುವ ಮೊದಲು ಎಷ್ಟೋ ಮಕ್ಕಳು ಸತ್ತರು. ಅದನ್ನು ಕಂಡುಹಿಡಿದ ಕತೆಯನ್ನು ಈ ತಿಂಗಳು ನಿಮಗೆ ಹೇಳುತ್ತೇನೆ.

ಮೊದಲು ಕಾಯಿಲೆ ಏನೆಂದು ನೋಡೋಣ. ನಮ್ಮ ಸಣ್ಣ ಕರುಳಿನ ಒಳಗೋಡೆಯಲ್ಲಿ ಬೆರಳಿನಂಥ ಲಕ್ಷಾಂತರ ಪುಟ್ಟ ಎಳೆಗಳಿವೆ. ಅವುಗಳಿಗೆ ವಿಲ್ಲೈ ಎಂದು ಹೆಸರು. ತಿಂದ ಆಹಾರದ ಸಾರವನ್ನು ರಕ್ತಕ್ಕೆ ಸೇರಿಸುವುದು ಇವುಗಳ ಕೆಲಸ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ ಗ್ಲೂಟನ್ ಎಂಬ ಪ್ರೋಟೀನ್ ಇದೆ. ಚಪಾತಿ ಹಿಟ್ಟು ಎಳೆದರೆ ಹರಿಯದೆ ಹಿಗ್ಗುತ್ತದಲ್ಲ, ಅದಕ್ಕೆ ಕಾರಣ ಗ್ಲೂಟನ್. ಸೀಲಿಯಾಕ್ ಇರುವವರು ಇದನ್ನು ತಿಂದರೆ, ರೋಗದಿಂದ ಕಾಪಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ದಾಳಿ ಮಾಡುತ್ತದೆ. ವಿಲ್ಲೈಗಳು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ, ಕೈಕಾಲು ಸಣ್ಣಗಾಗುತ್ತವೆ, ಮಗು ಬೆಳೆಯುವುದಿಲ್ಲ.

ಸುಮಾರು 1,800 ವರ್ಷಗಳ ಹಿಂದೆಯೇ ಅರೆಟೇಯಸ್ ಎಂಬ ಗ್ರೀಕ್ ವೈದ್ಯ ಇಂಥ ರೋಗಿಗಳ ಬಗ್ಗೆ ಬರೆದಿದ್ದ. ಸೀಲಿಯಾಕ್ ಎಂಬ ಪದ ಬಂದದ್ದೂ ಹೊಟ್ಟೆ ಎಂಬ ಅರ್ಥದ ಗ್ರೀಕ್ ಪದದಿಂದ. ಆದರೆ ಕಾರಣ ಯಾರಿಗೂ ಗೊತ್ತಿರಲಿಲ್ಲ.

1887ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಡಾ. ಸ್ಯಾಮ್ಯುಯಲ್ ಗೀ ಒಂದು ಉಪನ್ಯಾಸ ಕೊಟ್ಟರು. ಈ ಕಾಯಿಲೆ ವಾಸಿಯಾಗುವುದಾದರೆ ಅದು ಊಟದಿಂದಲೇ ಎಂದು ಅವರು ಹೇಳಿದರು. ಅವರು ನೋಡಿದ ಒಂದು ಮಗುವಿಗೆ ದಿನವೂ ಡಚ್ ಮಸಲ್ಸ್, ಅಂದರೆ ಸಮುದ್ರದ ಚಿಪ್ಪುಜೀವಿಗಳನ್ನು, ತಿನ್ನಿಸಿದರಂತೆ. ಮಗು ಚೆನ್ನಾಗಿ ಚೇತರಿಸಿಕೊಂಡಿತು. ಮಸಲ್ಸ್ ಸಿಗುವ ಕಾಲ ಮುಗಿದ ಮೇಲೆ ಮತ್ತೆ ಕಾಯಿಲೆ ಬಿತ್ತು. ಮುಂದಿನ ವರ್ಷ ಏನು ಮಾಡಿದರೂ ಅದು ಮಸಲ್ಸ್ ಮುಟ್ಟಲಿಲ್ಲ! ಊಟದಲ್ಲೇ ಉತ್ತರವಿದೆ ಎಂದು ಗೀ ಕಂಡುಕೊಂಡಿದ್ದರು. ಆದರೂ ಅವರು ಹೇಳಿದ ಪಥ್ಯದಲ್ಲಿ ತೆಳ್ಳಗೆ ಸುಟ್ಟ ಬ್ರೆಡ್ ಇತ್ತು.

1924ರಲ್ಲಿ ನ್ಯೂಯಾರ್ಕಿನ ಡಾ. ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ಶುರುಮಾಡಿದರು. ಅವರು ವರದಿ ಮಾಡಿದ ಹತ್ತು ಮಕ್ಕಳಲ್ಲಿ ಪಥ್ಯ ಮಾಡಿದ ಎಂಟು ಮಕ್ಕಳು ಉಳಿದರು, ಮಾಡದ ಇಬ್ಬರು ತೀರಿಕೊಂಡರು. ಸುದ್ದಿ ಎಲ್ಲೆಡೆ ಹರಡಿತು. ಬಾಳೆಹಣ್ಣಿನಲ್ಲೇ ಏನೋ ಶಕ್ತಿ ಇದೆ ಎಂದು ಜನ ನಂಬಿದರು. ಆದರೆ ಆ ಪಥ್ಯದಲ್ಲಿ ಬ್ರೆಡ್ ಇರಲಿಲ್ಲ ಎಂಬುದನ್ನು ಗಮನಿಸಿ. ‘ವಾಸಿಯಾಯಿತು’ ಎಂದು ಮಕ್ಕಳಿಗೆ ಮತ್ತೆ ಬ್ರೆಡ್ ಕೊಡುತ್ತಿದ್ದರು. ಒಳಗೆ ಕರುಳು ಮತ್ತೆ ಕೆಡುತ್ತಿತ್ತು.

ಸರಿಯಾದ ಪ್ರಶ್ನೆ ಕೇಳಿದವರು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಬ್ರೆಡ್ ಬಿಡಿಸಿದರೆ ತನ್ನ ಮಗುವಿನ ಮೈಮೇಲಿನ ಗುಳ್ಳೆಗಳು ಬೇಗ ಇಳಿಯುತ್ತವೆ ಎಂದು ಒಬ್ಬ ತಾಯಿ ಹೇಳಿದ್ದು 1930ರ ದಶಕದಲ್ಲಿ ಅವರ ಕಿವಿಗೆ ಬಿತ್ತು. ಅವರು ಅದನ್ನು ತಳ್ಳಿಹಾಕಲಿಲ್ಲ. ಗೋಧಿ ಇಲ್ಲದ ಪಥ್ಯ ಮಾಡಿಸಿ ನೋಡಿದರು, 1941ರಲ್ಲಿ ಅದರ ಬಗ್ಗೆ ಬರೆದರು.

ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. 1944ರ ಸೆಪ್ಟೆಂಬರ್‌ನಲ್ಲಿ ಡಚ್ ರೈಲ್ವೆ ನೌಕರರು ಜರ್ಮನ್ನರ ವಿರುದ್ಧ ಮುಷ್ಕರ ಹೂಡಿದರು. ಅದಕ್ಕೆ ಸೇಡಾಗಿ ಜರ್ಮನ್ನರು ದೇಶದ ಪಶ್ಚಿಮ ಭಾಗಕ್ಕೆ ಆಹಾರ ಹೋಗದಂತೆ ತಡೆದರು. ಜನ ಟ್ಯುಲಿಪ್ ಗಡ್ಡೆ ತಿಂದು ಬದುಕಿದರು. ಆ ‘ಹಸಿವಿನ ಚಳಿಗಾಲ’ದಲ್ಲಿ ಸುಮಾರು 20,000 ಜನ ಸತ್ತರು. ಎಲ್ಲ ಮಕ್ಕಳೂ ಸೊರಗುತ್ತಿದ್ದಾಗ ಡಿಕ್ಕೆ ಒಂದು ವಿಚಿತ್ರ ಕಂಡರು. ಸೀಲಿಯಾಕ್ ಇದ್ದ ಮಕ್ಕಳು ಬ್ರೆಡ್ ಇಲ್ಲದೆ ಸುಧಾರಿಸಿಕೊಂಡಿದ್ದರು! ಬ್ರೆಡ್ ಮತ್ತೆ ಸಿಗತೊಡಗಿದಾಗ ಅದೇ ಮಕ್ಕಳು ಮತ್ತೆ ಕಾಯಿಲೆ ಬಿದ್ದರು.

ಕಣ್ಣಿಗೆ ಕಂಡರೆ ಸಾಲದು, ಸಾಬೀತು ಮಾಡಬೇಕಲ್ಲ? ಯುದ್ಧ ಮುಗಿದ ಮೇಲೆ ಡಿಕ್ಕೆ ಮತ್ತು ಅವರ ಸಂಗಡಿಗರಾದ ವೇಯರ್ಸ್, ವಾನ್ ಡೆ ಕಾಮರ್ ಮಕ್ಕಳ ಊಟ ಬದಲಿಸುತ್ತಾ, ಮಲದಲ್ಲಿ ಎಷ್ಟು ಕೊಬ್ಬು ಜೀರ್ಣವಾಗದೆ ಹೊರಹೋಗುತ್ತಿದೆ ಎಂದು ಅಳೆದರು. ಕೇಳಲು ಅಸಹ್ಯವೆನಿಸಬಹುದು, ಆದರೆ ಉತ್ತರ ಸಿಕ್ಕಿದ್ದು ಅಲ್ಲೇ. ಗೋಧಿ ಹಿಟ್ಟು ಕೊಟ್ಟಾಗ ಕೊಬ್ಬು ಹೆಚ್ಚಾಗಿ ಹೊರಹೋಗುತ್ತಿತ್ತು, ಅಕ್ಕಿ ಕೊಟ್ಟಾಗ ಹಾಗಾಗುತ್ತಿರಲಿಲ್ಲ. 1950ರಲ್ಲಿ ಡಿಕ್ಕೆ ಇದನ್ನು ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧವಾಗಿ ಸಲ್ಲಿಸಿದರು. ಮುಂದೆ ತಪ್ಪು ಗೋಧಿಯ ಗ್ಲೂಟನ್‌ನದು ಎಂದು ಖಚಿತವಾಯಿತು. ಅದೇ ದಶಕದಲ್ಲಿ ಬಾಯಿಯ ಮೂಲಕ ನಳಿಕೆ ಇಳಿಸಿ, ಕರುಳಿನ ಚೂರು ತೆಗೆದು ನೋಡುವ ವಿಧಾನ ಬಂತು. ಸವೆದ ವಿಲ್ಲೈಗಳು ಕಣ್ಣಿಗೇ ಕಂಡವು.

ಒಂದು ಕಾಲದಲ್ಲಿ ಅಪರೂಪ ಎಂದುಕೊಂಡಿದ್ದ ಈ ಕಾಯಿಲೆ ಇಂದು ಜಗತ್ತಿನಲ್ಲಿ ಸುಮಾರು 100ರಲ್ಲಿ ಒಬ್ಬರಿಗೆ ಇದೆ. ಭಾರತದಲ್ಲಿ ಗೋಧಿ ಹೆಚ್ಚು ತಿನ್ನುವ ಉತ್ತರದಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಇದಕ್ಕೆ ಮಾತ್ರೆ ಇಲ್ಲ, ಜೀವನಪೂರ್ತಿ ಪಥ್ಯವೇ ಮದ್ದು. ಸಂತೋಷದ ವಿಷಯವೆಂದರೆ ನಮ್ಮ ರಾಗಿ ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿಗಳಲ್ಲಿ ಗ್ಲೂಟನ್ ಇಲ್ಲ. ಆದರೆ ಹಿಟ್ಟು ಗಿರಣಿಯಲ್ಲಿ ಗೋಧಿಯ ಜೊತೆ ಬೆರೆತಿರಬಾರದು. ಉಪ್ಪಿಟ್ಟಿನ ರವೆ ಗೋಧಿಯದೇ. ಅಮ್ಮಂದಿರೇ, ಸಾರಿಗೆ ಹಾಕುವ ಇಂಗಿನ ಡಬ್ಬಿಯನ್ನೂ ತಿರುಗಿಸಿ ಓದಿ. ಅಂಗಡಿಯ ಇಂಗಿನ ಪುಡಿಗೆ ಗೋಧಿ ಹಿಟ್ಟು ಬೆರೆಸಿರುವುದು ಸಾಮಾನ್ಯ.

ಇನ್ನೊಂದು ಮಾತು. ನಿಮಗೆ ಅನುಮಾನವಿದ್ದರೆ ನೀವೇ ಗೋಧಿ ಬಿಡಬೇಡಿ. ಮೊದಲು ಡಾಕ್ಟರ್ ಹತ್ತಿರ ಹೋಗಿ. ಗ್ಲೂಟನ್ ಬಿಟ್ಟಮೇಲೆ ಪರೀಕ್ಷೆ ಮಾಡಿದರೆ ಕಾಯಿಲೆ ಕಾಣದೇ ಹೋಗಬಹುದು.

ಗೀ ಮತ್ತು ಹಾಸ್ ಇಬ್ಬರೂ ಮಕ್ಕಳಿಗೆ ಏನು ಕೊಡಬೇಕು ಎಂದು ಹುಡುಕಿದರು. ಏನು ಬಿಡಿಸಬೇಕು ಎಂಬುದು ಒಬ್ಬ ತಾಯಿಗೆ ಮೊದಲು ಹೊಳೆದಿತ್ತು, ಡಿಕ್ಕೆ ಆ ಮಾತಿಗೆ ಕಿವಿಗೊಟ್ಟರು. ಮುಂದಿನ ಸಲ ನಮ್ಮ ಕನ್ನಡ ಶಾಲೆಯ ಹಬ್ಬದೂಟಕ್ಕೆ ನೀವು ಏನಾದರೂ ಮಾಡಿ ತಂದರೆ, ಅದರಲ್ಲಿ ಏನೇನಿದೆ ಎಂದು ಒಂದು ಚೀಟಿಯಲ್ಲಿ ಬರೆದು ಪಾತ್ರೆಯ ಪಕ್ಕ ಇಡಿ. ಸೀಲಿಯಾಕ್ ಇರುವ ಗೆಳೆಯನೂ ನಿಶ್ಚಿಂತೆಯಿಂದ ನಮ್ಮ ಜೊತೆ ಕೂತು ಉಣ್ಣುತ್ತಾನೆ.