ಎಚ್-1ಬಿ ನೌಕರರ ವಾಸ್ತವ್ಯಾವಧಿ ಮತ್ತು ಅದರ ವಿಸ್ತರಣೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವಿಶೇಷ ವಿದ್ಯೆಯನ್ನು ಅಪೇಕ್ಷಿಸುವ ಉದ್ಯೋಗಗಳಿಗಾಗಿ ಹೊರದೇಶಗಳಿಂದ ಬಂದವರಿಗೆ ದೊರೆಯುವ ತಾತ್ಕಾಲಿಕ ವಾಸ್ತವ್ಯದ ಅಧಿಕಾರಕ್ಕೆ ಎಚ್-1ಬಿ ಎಂದು ಹೆಸರು. ಮೊದಲು ಮೂರು ವರ್ಷ, ಅನಂತರ ಮತ್ತೆ ಮೂರು ವರ್ಷ, ಒಟ್ಟಿನಲ್ಲಿ ಆರು ವರ್ಷಗಳನ್ನು ಮೀರದಂತೆ ಕೊಡತಕ್ಕ ಈ ಅಧಿಕಾರವು ತೀರಿದ ಮೇಲೆ ನೌಕರನ ಗತಿಯೇನೆಂಬ ಪ್ರಶ್ನೆಗೆ ಶಾಸನಕರ್ತರ ಮನಸ್ಸಿನಲ್ಲಿ ಆದಿಯಲ್ಲಿದ್ದ ಉತ್ತರವು ಒಂದೇ: ಅವನು ತನ್ನ ದೇಶಕ್ಕೆ ಹಿಂದಿರುಗತಕ್ಕದ್ದು. ಆ ಒಂದು ಉತ್ತರವು ಮೂರು ದಶಕಗಳಲ್ಲಿ ಹಲವು ಉಪಾಯಗಳಾಗಿ ಕವಲೊಡೆಯಿತು. ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಹೋದ ತಂತ್ರಜ್ಞರ ಸಂಸಾರಗಳಲ್ಲಿ ಐ-140 (ನೌಕರನ ಶಾಶ್ವತ ವಾಸ್ತವ್ಯಕ್ಕಾಗಿ ಯಜಮಾನನು ಸಲ್ಲಿಸುವ ಅರ್ಜಿ), ಪ್ರಯಾರಿಟಿ ಡೇಟ್ (ಸರತಿಯಲ್ಲಿನ ಸ್ಥಾನವನ್ನು ಗೊತ್ತುಮಾಡುವ ದಿನಾಂಕ) ಮುಂತಾದ ಕಚೇರಿಯ ಶಬ್ದಗಳು ಊಟದ ಹೊತ್ತಿನ ಮಾತಿನಲ್ಲಿಯೂ ಸೇರಿಕೊಂಡದ್ದು ಇದರ ಫಲವಾಗಿಯೇ.

ಈ ವರ್ಗದ ಮೂಲವು 1952ರ ವಲಸೆ ಮತ್ತು ರಾಷ್ಟ್ರೀಯತಾ ಅಧಿನಿಯಮದಲ್ಲಿದೆ. ಅಧ್ಯಕ್ಷ ಹ್ಯಾರಿ ಟ್ರೂಮನ್ನರು ಅದನ್ನು ತಿರಸ್ಕರಿಸಿ ಹಿಂದಕ್ಕೆ ಕಳುಹಿಸಿದರೂ ಕಾಂಗ್ರೆಸ್ಸು ಮತ್ತೊಮ್ಮೆ ಅಂಗೀಕರಿಸಿ ಜಾರಿಗೆ ತಂದ ಆ ಶಾಸನವು, ವಿಶಿಷ್ಟ ಯೋಗ್ಯತೆಯುಳ್ಳ ಪರದೇಶೀಯರಿಗಾಗಿ ಎಚ್-1 ಎಂಬ ವರ್ಗವನ್ನು ಕಲ್ಪಿಸಿ, ಬರುವ ವ್ಯಕ್ತಿಯೂ ಅವನು ಮಾಡುವ ಕೆಲಸವೂ ಎರಡೂ ತಾತ್ಕಾಲಿಕವಾಗಿಯೇ ಇರಬೇಕೆಂದು ವಿಧಿಸಿತು. 1946ರ ಕಾನೂನಿನ ಪ್ರಕಾರ ಭಾರತೀಯರಿಗೆ ವರ್ಷಕ್ಕೆ 100 ಮಂದಿಯ ಪಾಲು ಮಾತ್ರ ಇದ್ದ ಆ ಕಾಲದಲ್ಲಿ ಈ ನಿಯಮದಿಂದ ನಮ್ಮವರಿಗೆ ಹೇಳಿಕೊಳ್ಳುವಂತಹ ಲಾಭವಾಗಲಿ ಬಾಧೆಯಾಗಲಿ ಉಂಟಾಗಲಿಲ್ಲ. 1970ರ ತಿದ್ದುಪಡಿಯು ಕೆಲಸವು ತಾತ್ಕಾಲಿಕವಾಗಿರಬೇಕೆಂಬ ನಿಬಂಧನೆಯನ್ನು ಕೈಬಿಟ್ಟು, ವ್ಯಕ್ತಿಯನ್ನು ಮಾತ್ರ ತಾತ್ಕಾಲಿಕನನ್ನಾಗಿ ಉಳಿಸಿತು. ಶಾಶ್ವತವಾದ ಕೆಲಸವನ್ನು ಅಶಾಶ್ವತನಾದ ಮನುಷ್ಯನಿಂದ ಮಾಡಿಸುವ ಈ ಏರ್ಪಾಡಿನಲ್ಲಿಯೇ ಮುಂದಿನ ತೊಡಕುಗಳ ಬೀಜವಿದ್ದಿತೆನ್ನಬಹುದು.

1990ರ ನವೆಂಬರ್ 29ರಂದು ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯ) ಅವರು ಸಹಿ ಮಾಡಿದ ವಲಸೆ ಅಧಿನಿಯಮವು ಎಚ್-1ಬಿಗೆ ಈಗಿನ ರೂಪವನ್ನು ಕೊಟ್ಟಿತು. ವರ್ಷಕ್ಕೆ 65,000 ಎಂಬ ಮಿತಿಯೂ ಆರು ವರ್ಷಗಳೆಂಬ ಗಡುವೂ ಅದರಲ್ಲಿಯೇ ನಿಗದಿಯಾದುವು. ಶಾಶ್ವತ ವಾಸ್ತವ್ಯಕ್ಕೆ ಅರ್ಜಿ ಸಲ್ಲಿಸಿದ ಮಾತ್ರಕ್ಕೆ ತಾತ್ಕಾಲಿಕ ವಾಸ್ತವ್ಯವು ಕೆಡಲಾರದೆಂಬ ಅನುಗ್ರಹವೂ ಅದರಿಂದಲೇ ದೊರೆಯಿತು. ಅದೇ ಅಧಿನಿಯಮವು ಶಾಶ್ವತ ವಾಸ್ತವ್ಯದ ಪತ್ರಗಳಾದ ಉದ್ಯೋಗಮೂಲದ ಗ್ರೀನ್ ಕಾರ್ಡುಗಳನ್ನು ವರ್ಷಕ್ಕೆ ಸುಮಾರು 1,40,000ಕ್ಕೆ ಮಿತಗೊಳಿಸಿ, ಹೆಂಡತಿ ಮಕ್ಕಳನ್ನೂ ಆ ಲೆಕ್ಕದಲ್ಲಿಯೇ ಸೇರಿಸಿ, ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ನೂರಕ್ಕೆ ಏಳಕ್ಕಿಂತ ಹೆಚ್ಚು ಪಾಲು ಸಲ್ಲದೆಂದು ಸಾಮಾನ್ಯ ನಿಯಮವನ್ನು ಮಾಡಿತು. ಒಳಗೆ ಬರುವ ಎಚ್-1ಬಿಗೆ ದೇಶವಾರು ಮಿತಿಯಿಲ್ಲ. ನೆಲೆಗೊಳಿಸುವ ಗ್ರೀನ್ ಕಾರ್ಡಿಗೆ ಇದೆ. ಅಗಲವಾದ ಹಳ್ಳದಿಂದ ಕೆರೆಗೆ ಹರಿದು ಬಂದ ನೀರೆಲ್ಲ ಕಿರಿದಾದ ಒಂದೇ ತೂಬಿನಲ್ಲಿ ಇಳಿಯಬೇಕಾದಂತೆ, ಭಾರತದಿಂದ ಬಂದ ನೌಕರರ ಸರತಿಯು ವರ್ಷದಿಂದ ವರ್ಷಕ್ಕೆ ಹಿಗ್ಗುತ್ತ ಹೋಯಿತು. ಅವಧಿ ಮುಗಿದವರಿಗೆ ಅನಂತರ ದೊರೆತ ಅನುಕೂಲಗಳಲ್ಲಿ ಮುಖ್ಯವಾದವೆಲ್ಲ, ಒಂದೇ ಶಾಸನದೊಳಗಣ ಈ ಎರಡು ಪ್ರಕರಣಗಳ ವಿರೋಧವನ್ನು ಸರಿದೂಗಿಸಲು ಹಾಕಿದ ತೇಪೆಗಳೇ ಹೊರತು ಸ್ವತಂತ್ರವಾದ ನೀತಿಗಳಲ್ಲ. ಇಲ್ಲಿ ಎಣಿಕೆಗೆ ಬರುವುದು ಜನ್ಮಭೂಮಿಯೇ ಹೊರತು ಪೌರತ್ವವಲ್ಲ. ಆದಕಾರಣ ಬ್ರಿಟಿಷ್ ಪ್ರಜೆಯಾದ ಮೈಸೂರಿನವನು ಭಾರತದ ಸರತಿಯಲ್ಲಿಯೇ ನಿಲ್ಲಬೇಕು, ತಂದೆಯ ನೌಕರಿಯ ನಿಮಿತ್ತ ದುಬೈಯಲ್ಲಿ ಹುಟ್ಟಿದ ಮಂಗಳೂರಿನವನಿಗೆ ಆ ಸರತಿ ತಪ್ಪುತ್ತದೆ.

ಎರಡು ಸಾವಿರದ ಇಸವಿಯ ಗಣಕದೋಷವನ್ನು ಸರಿಪಡಿಸುವ ಗಡಿಬಿಡಿಯಲ್ಲಿ ಬಂದ ಅಸಂಖ್ಯ ತಂತ್ರಜ್ಞರಿಗೆ ಆರನೆಯ ವರ್ಷವು ಸಮೀಪಿಸುತ್ತಿದ್ದಾಗ, 2000ದ ಅಕ್ಟೋಬರ್ 17ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ನರ ಸಹಿಯೊಡನೆ ಹೊಸ ಕಾನೂನು ಬಂದಿತು. ವಾರ್ಷಿಕ ಮಿತಿಯನ್ನು ಮೂರು ವರ್ಷಗಳ ಮಟ್ಟಿಗೆ 1,95,000ಕ್ಕೆ ಏರಿಸಿದ್ದೇ ಆಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದರೂ, ಚಿರಕಾಲ ನಿಂತದ್ದು ಅದರಲ್ಲಿನ ಬೇರೆ ಎರಡು ವಿಧಿಗಳು. ಗ್ರೀನ್ ಕಾರ್ಡಿನ ಮೊದಲ ಮೆಟ್ಟಿಲಾದ ಕಾರ್ಮಿಕ ಪ್ರಮಾಣಪತ್ರದ ಅರ್ಜಿಯನ್ನಾಗಲಿ ಐ-140 ಅರ್ಜಿಯನ್ನಾಗಲಿ ಸಲ್ಲಿಸಿ 365 ದಿನಗಳು ಕಳೆದಿದ್ದರೆ ಆರು ವರ್ಷಗಳ ಮೇಲೆ ಒಂದೊಂದು ವರ್ಷದ ವಿಸ್ತರಣೆಯೂ, ಐ-140 ಮಂಜೂರಾಗಿ ದೇಶವಾರು ಮಿತಿಯ ಕಾರಣದಿಂದ ಮಾತ್ರ ಕಾಯುತ್ತಿದ್ದರೆ ಮೂರು ಮೂರು ವರ್ಷಗಳ ವಿಸ್ತರಣೆಯೂ ಸಲ್ಲತಕ್ಕದ್ದೆಂದು ಅವು ವಿಧಿಸಿದುವು. ಆರು ವರ್ಷಗಳೆಂಬ ಗಡುವು ಕಾಗದದ ಮೇಲೆ ಹಾಗೆಯೇ ಉಳಿದು, ಭಾರತೀಯರ ಪಾಲಿಗೆ ಎಣೆಯಿಲ್ಲದ ತಾತ್ಕಾಲಿಕತೆಯಾಗಿ ಪರಿಣಮಿಸಿತು. ಹೊಸ ಯಜಮಾನನು ಅರ್ಜಿ ಸಲ್ಲಿಸಿದ ಕ್ಷಣದಿಂದಲೇ ನೌಕರನು ಅವನಲ್ಲಿ ಕೆಲಸಕ್ಕೆ ಸೇರಬಹುದೆಂಬ ಸೌಕರ್ಯವೂ ಈ ಕಾನೂನಿನದೇ.

ಕಾಯುವವರ ಅಸಹನೆಯು ಒಮ್ಮೆ ಬೀದಿಗೂ ಬಂದಿತು. 2007ರ ಜುಲೈ ತಿಂಗಳಲ್ಲಿ ಉದ್ಯೋಗಮೂಲದ ಬಹುತೇಕ ಎಲ್ಲ ವರ್ಗಗಳವರೂ ಗ್ರೀನ್ ಕಾರ್ಡಿನ ಕೊನೆಯ ಹಂತದ ಅರ್ಜಿಯನ್ನು ಸಲ್ಲಿಸಬಹುದೆಂದು ವಿದೇಶಾಂಗ ಇಲಾಖೆಯು ತನ್ನ ಮಾಸಿಕ ವೀಸಾ ಪ್ರಕಟಣೆಯಲ್ಲಿ ಸಾರಲು, ಜನರು ವೈದ್ಯಪರೀಕ್ಷೆ ಮಾಡಿಸಿಕೊಂಡರು. ಊರಿನಿಂದ ಜನನಪತ್ರಗಳನ್ನು ತರಿಸಿದರು. ಅರ್ಜಿಯ ಕಾಲದಲ್ಲಿ ಅಮೆರಿಕದೊಳಗೆ ಇರಲೇಬೇಕೆಂಬ ನಿಯಮವಿದ್ದುದರಿಂದ ತವರಿಗೆ ಹೋಗಿದ್ದ ಹೆಂಡತಿಯರನ್ನು ಅವಸರವಾಗಿ ಕರೆಸಿಕೊಂಡರು. ಜುಲೈ 2ರಂದು ಅದೇ ಇಲಾಖೆಯು ಸಂಖ್ಯೆಗಳೆಲ್ಲ ತೀರಿದುವೆಂದು ಹೇಳಿ ಬಾಗಿಲು ಮುಚ್ಚಿತು. ಹಿಂದಿನ ವರ್ಷವಷ್ಟೇ ತೆರೆಕಂಡಿದ್ದ 'ಲಗೇ ರಹೋ ಮುನ್ನಾಭಾಯಿ' ಚಿತ್ರದ ಗಾಂಧೀಗಿರಿಯಿಂದ ಸ್ಫೂರ್ತಿ ಪಡೆದ ಅರ್ಜಿದಾರರು ಬೈಗುಳದ ಓಲೆಗಳಿಗೆ ಬದಲಾಗಿ ವಲಸೆ ಇಲಾಖೆಯ ನಿರ್ದೇಶಕ ಎಮಿಲಿಯೋ ಗೊನ್ಸಾಲೆಸ್ ಅವರ ಕಚೇರಿಗೆ ಹೂಗುಚ್ಛಗಳನ್ನು ಕಳುಹಿಸಿದರು. ಅವರು ಆ ಹೂಗಳನ್ನು ವಾಲ್ಟರ್ ರೀಡ್ ಮೊದಲಾದ ಸೈನಿಕ ಆಸ್ಪತ್ರೆಗಳಲ್ಲಿದ್ದ ಗಾಯಾಳುಗಳಿಗೆ ತಲುಪಿಸುವಂತೆ ಏರ್ಪಡಿಸಿದರು. ಜುಲೈ 17ರಂದು ಸರ್ಕಾರವು ಮಣಿದು, ಆಗಸ್ಟ್ 17ರ ವರೆಗೆ ಅರ್ಜಿಗಳನ್ನು ಸ್ವೀಕರಿಸಿತು. ಹೂವಿನ ಪ್ರಭಾವವೆಷ್ಟು, ನ್ಯಾಯಾಲಯದ ವ್ಯಾಜ್ಯದ ಭಯವೆಷ್ಟು ಎಂಬುದನ್ನು ವಾಚಕರೇ ಊಹಿಸಬಹುದು. ಅಂದು ಅರ್ಜಿ ಕೊಟ್ಟವರಿಗೆ ಗ್ರೀನ್ ಕಾರ್ಡು ಕೂಡಲೇ ದೊರೆಯದಿದ್ದರೂ ಸ್ವತಂತ್ರವಾದ ಉದ್ಯೋಗಾನುಮತಿಯು ದೊರೆಯುವಂತಾಗಿ, ಎಚ್-1ಬಿಯ ಗಡುವಿನ ಚಿಂತೆ ತಪ್ಪಿತು.

ಇತರ ಮಾರ್ಗಗಳನ್ನು ಸಂಕ್ಷೇಪವಾಗಿ ಹೇಳಬಹುದು. ಗಡುವಿಗೆ ಮುಂಚೆಯೇ ವಿಸ್ತರಣೆಯ ಅರ್ಜಿ ಸಲ್ಲಿಸಿದ್ದರೆ, ತೀರ್ಮಾನವಾಗುವ ವರೆಗೆ, ಹೆಚ್ಚೆಂದರೆ 240 ದಿನ, ಅದೇ ಯಜಮಾನನಲ್ಲಿ ಕೆಲಸವನ್ನು ಮುಂದುವರಿಸಬಹುದು. ಮದುವೆ, ಮುಂಜಿ, ತಾಯಿತಂದೆಯರ ಕಾಯಿಲೆಗಳಿಗೆಂದು ಊರಿಗೆ ಬಂದು ಕಳೆದ ದಿನಗಳು ಆರು ವರ್ಷಗಳ ಲೆಕ್ಕಕ್ಕೆ ಸೇರವಾದುದರಿಂದ ರಹದಾರಿಯ ಮುದ್ರೆಗಳನ್ನು ತೋರಿಸಿ ಅವನ್ನು ಮರಳಿ ಪಡೆಯಬಹುದು. ದಂಪತಿಗಳಿಬ್ಬರೂ ನೌಕರರಾಗಿದ್ದಲ್ಲಿ ಒಬ್ಬರು ಮತ್ತೊಬ್ಬರ ಆಶ್ರಿತರಾಗಿ ಎಚ್-4ಕ್ಕೆ ಬದಲಾಗುವುದುಂಟು. 2015ರ ಮೇ 26ರಿಂದ ಕೆಲವು ಎಚ್-4 ಸಂಗಾತಿಗಳಿಗೆ ದುಡಿಯುವ ಅನುಮತಿಯೂ ದೊರೆಯಿತು. ವಿದ್ಯಾರ್ಥಿಯಾಗಿ ಎಫ್-1ಕ್ಕೆ, ಅಸಾಧಾರಣ ಪ್ರತಿಭೆಯನ್ನು ಸ್ಥಾಪಿಸಬಲ್ಲವರು ಒ-1ಕ್ಕೆ ಹೋಗುವುದೂ ಉಂಟು. ಯಾವುದನ್ನೂ ಮಾಡದೆ ಉಳಿದುಬಿಟ್ಟವರಿಗೆ 1996ರ ಕಾನೂನು ಬಲು ಕಠಿನವಾದುದು: 180 ದಿನಗಳಿಗೆ ಮೀರಿ ಅಕ್ರಮವಾಗಿ ತಂಗಿ ಹೊರಟವನಿಗೆ ಮೂರು ವರ್ಷ, ಒಂದು ವರ್ಷ ತಂಗಿದವನಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ.

ಗಡುವು ದೂರವಿದ್ದೂ ಕೆಲಸ ಹೋದವನ ಸ್ಥಿತಿ ಇದಕ್ಕಿಂತ ಶೋಚನೀಯವಾಗಿದ್ದಿತು. ಕೆಲಸ ನಿಂತ ದಿನವೇ ವಾಸ್ತವ್ಯದ ಆಧಾರವೂ ಕಳಚುತ್ತಿದ್ದಿತು. 2017ರ ಜನವರಿ 17ರಂದು ಜಾರಿಗೆ ಬಂದ ನಿಯಮವು 60 ದಿನಗಳ ವರೆಗಿನ ಸಾವಕಾಶವನ್ನು ಕಲ್ಪಿಸಿತು. 2022ರ ಅಂತ್ಯದಿಂದ ತಂತ್ರಜ್ಞಾನ ಸಂಸ್ಥೆಗಳು ನೌಕರರನ್ನು ಸಾಮೂಹಿಕವಾಗಿ ಬಿಡಿಸಿದಾಗ, ಅಷ್ಟರೊಳಗೆ ಹೊಸ ಯಜಮಾನನು ದೊರೆಯದವರು ಬಿ-2 ಎಂಬ ಪ್ರವಾಸಿಯ ಸ್ಥಿತಿಗೆ ಅರ್ಜಿ ಸಲ್ಲಿಸಿ ಕೆಲವು ತಿಂಗಳು ದೂಡಿದರು. ನೆರೆಯ ಕೆನಡಾ ದೇಶವು ಈ ಸಂದರ್ಭವನ್ನು ಚೆನ್ನಾಗಿ ಗ್ರಹಿಸಿ, 2023ರ ಜುಲೈ 16ರಂದು ಎಚ್-1ಬಿ ನೌಕರರಿಗೆಂದೇ 10,000 ಕೆಲಸದ ಪರವಾನಗಿಗಳ ಬಾಗಿಲನ್ನು ತೆರೆಯಲು, ಎರಡು ದಿನಗಳೊಳಗೆ ಅವಷ್ಟಕ್ಕೂ ಅರ್ಜಿಗಳು ಬಂದುಬಿಟ್ಟವು.

ವಾಸ್ತವ್ಯದ ಅವಧಿ ವಿಸ್ತರಿಸಿದರೂ ರಹದಾರಿಯಲ್ಲಿನ ವೀಸಾ ಮುದ್ರೆಯನ್ನು ಬೇರೆಯಾಗಿ ನವೀಕರಿಸಬೇಕು. ಅಮೆರಿಕದೊಳಗೆಯೇ ಅದನ್ನು ಮಾಡಿಸುವ ಪದ್ಧತಿಯು 2004ರಲ್ಲಿ ನಿಂತುಹೋದುದರಿಂದ, ರಜೆಗೆ ಬಂದ ಕನ್ನಡಿಗರು ಸ್ಟ್ಯಾಂಪಿಂಗ್‌ಗೆಂದು ಚೆನ್ನೈಗೆ ಹೋಗುವುದು ವಾಡಿಕೆಯಾಯಿತು. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗಲೂ ಅಲ್ಲಿ ವೀಸಾ ಸೇವೆಯು ಆರಂಭವಾಗಲಿಲ್ಲ.

ಈ ಎಲ್ಲ ಉಪಾಯಗಳಿಗಿಂತ ಹಳೆಯದಾದ ಒಂದಿದೆ: ಪೂರ್ತಿ ಒಂದು ವರ್ಷ ದೇಶದ ಹೊರಗಿದ್ದು ಬಂದವನಿಗೆ ಮತ್ತೆ ಹೊಸದಾಗಿ ಆರು ವರ್ಷಗಳು ಸಿಕ್ಕುತ್ತವೆ. 2025ರ ಸೆಪ್ಟೆಂಬರ್ 19ರ ಅಧ್ಯಕ್ಷೀಯ ಘೋಷಣೆಯು, ವೀಸಾ ಇಲ್ಲದೆ ಹೊರದೇಶದಲ್ಲಿರುವವರ ಹೊಸ ಅರ್ಜಿಗಳಿಗೆ 1,00,000 ಡಾಲರುಗಳ ಸಂದಾಯವನ್ನು ವಿಧಿಸಿತು. ಘೋಷಣೆಯ ಆಯುಷ್ಯವನ್ನು, ವಿಸ್ತರಿಸದ ಹೊರತು, ಹನ್ನೆರಡು ತಿಂಗಳೆಂದು ಅದರಲ್ಲಿಯೇ ಹೇಳಿದ್ದಿತು. ದೇಶದೊಳಗೇ ಇದ್ದು ಅವಧಿಯನ್ನು ವಿಸ್ತರಿಸಿಕೊಳ್ಳುವವರಿಗೆ ಅದು ಅನ್ವಯಿಸದೆಂದು ವಲಸೆ ಇಲಾಖೆಯು ಬಳಿಕ ಸ್ಪಷ್ಟಪಡಿಸಿತು. ಹೀಗೆ, ಗಡುವು ತೀರಿದೊಡನೆ ನೌಕರನು ಊರಿಗೆ ಹೋಗಲಿ ಎಂದು 1990ರ ಶಾಸನವು ಬಯಸಿದ್ದರೆ, ಈ ಘೋಷಣೆಯ ನಂತರ ಆ ಬಯಕೆಯಂತೆ ನಡೆದು ಮರಳಿ ಬರಲೆಳಸುವವನ ಯಜಮಾನನೇ ಆ ಹಣವನ್ನು ತೆರಬೇಕಾಯಿತು.