ಎರಡು ದಿನ ತಡವಾಗಿ ಬಂದ ಆಟ

ಆ ಕಾಲದಲ್ಲಿ ರಾಮದುರ್ಗದ ನಮ್ಮ ಓಣಿಗೆ ಪತ್ರಿಕೆ ಬಸ್ಸಿನಲ್ಲಿ ಬರುತ್ತಿತ್ತು. ನ್ಯೂಯಾರ್ಕಿನ ಚದುರಂಗವೂ ಅದರೊಡನೆಯೇ ಎರಡು ದಿನ ತಡವಾಗಿ ಬರುತ್ತಿತ್ತು. 1995ರ ಸೆಪ್ಟೆಂಬರಿನಲ್ಲಿ ವಿಶ್ವನಾಥನ್ ಆನಂದರು ಅಲ್ಲಿಯ ವರ್ಲ್ಡ್ ಟ್ರೇಡ್ ಸೆಂಟರಿನ 107ನೆಯ ಅಂತಸ್ತಿನಲ್ಲಿ ಗ್ಯಾರಿ ಕಾಸ್ಪರೋವರ ಎದುರು ವಿಶ್ವಪದವಿಗಾಗಿ ಕುಳಿತಿದ್ದರು. 1988ರಲ್ಲಿ ಭಾರತದ ಮೊದಲ ಗ್ರಾಂಡ್‌ಮಾಸ್ಟರ್ ಆದವರು ಅವರು.

ಮಗ್ಗದ ಸದ್ದು ಕೇಳುವ ಪಡಸಾಲೆಯಲ್ಲಿ ಗೆಳೆಯನೂ ನಾನೂ ನಡೆಗಳನ್ನು ಓದಿ ಪಟದ ಮೇಲೆ ಕಾಯಿ ಸರಿಸುತ್ತಿದ್ದೆವು. ಮೊದಲ 8 ಆಟಗಳೂ ಸಮ. ಯಾರೂ ಸಾಯದ ಇದೆಂತಹ ಯುದ್ಧವೆಂದು ನೋಡಿದವರು ನಕ್ಕರು. 9ನೆಯದನ್ನು ಆನಂದರು ಗೆದ್ದ ಸುದ್ದಿ ಬಂದಾಗ ಓಣಿಗೆಲ್ಲ ಫೇಡೆ ಹಂಚಿದೆ. ಹಂಚುವ ಹೊತ್ತಿಗಾಗಲೇ ಅಲ್ಲಿ 10ನೆಯ ಆಟ ಮುಗಿದುಹೋಗಿತ್ತು. ಕಾಸ್ಪರೋವರು ಆನೆಯೊಂದನ್ನು ಬಲಿಗೊಟ್ಟು ಗೆದ್ದಿದ್ದರು. ಆ ಫೇಡೆಯನ್ನು ನೆನೆದರೆ ನನಗೆ ಇಂದಿಗೂ ಸಂಕೋಚ. 10ರಿಂದ 14ರವರೆಗಿನ 5 ಆಟಗಳಲ್ಲಿ ಆನಂದರಿಗೆ 4 ಸೋಲು.

ಪದವಿ ಬಂದುದು 2000ದಲ್ಲಿ, ತೆಹರಾನಿನಲ್ಲಿ ಶಿರೋವರನ್ನು ಮಣಿಸಿದಾಗ. ಅಂದು ಮಾತ್ರ ನಾನು ಫೇಡೆ ಕೊಳ್ಳಲು ಒಂದು ದಿನ ಕಾದೆ!

ಆನಂದರು ಮದರಾಸಿನವರು. ನಮ್ಮ ನಾಡಿನವನೆಂದು ಎಂಬುದು ಗೆಳೆಯನ ಹಳೆಯ ಕೊರಗು. ಅರವತ್ತನಾಲ್ಕು ಮನೆಗಳಲ್ಲೂ ಕುದುರೆಯನ್ನು ಸುತ್ತಿಸುವ ಬಂಧಗಳನ್ನು ರಚಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ನಾಡು ಇದು. ಆದರೂ ಗ್ರಾಂಡ್‌ಮಾಸ್ಟರ್ ಪದವಿಗೆ ಬೇಕಾದ ಮೂರು ಅರ್ಹತಾ ಸಾಧನೆಗಳನ್ನೂ 2500 ಅಂಕಗಳ ಗೆರೆಯನ್ನೂ ದಾಟಿದ ಮೊದಲ ಕನ್ನಡಿಗನಿಗಾಗಿ 2017ರವರೆಗೆ ಕಾಯಬೇಕಾಯಿತು. ಅವರೂ ಮೈಸೂರಿನವರೇ, ಎಂ. ಎಸ್. ತೇಜ್‌ಕುಮಾರ್.

ಈ ಸುದ್ದಿ ಬಸ್ಸಿಗೆ ಕಾಯಲಿಲ್ಲ. ಹೇಳಲೆಂದು ಓಣಿ ದಾಟಿ ಹೋದೆ. ಗೆಳೆಯ ಆಗಲೇ ಪಟ ಹಾಸಿಕೊಂಡು ಕುಳಿತಿದ್ದ.