ಅಂತರಜಾಲದ ಬಾಗಿಲಲ್ಲಿ ಮಕ್ಕಳ ವಯಸ್ಸು: ಒಂದು ಹಿನ್ನೋಟ

1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮವು ನಮ್ಮ ದೇಶದ ಜನಸಾಮಾನ್ಯರಿಗೆ ಅಂತರಜಾಲದ ಬಾಗಿಲು ತೆರೆಯಿತು. ಆಗ ನಾವು ಊರಿನಲ್ಲಿ ಇನ್ನೂ ಶಾಲೆಗೆ ಹೋಗುತ್ತಿದ್ದೆವು. ಮುಂದೆ ಬಿ.ಎಸ್‌ಸಿ. ಓದುವಾಗ ಪೇಟೆಯ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟೆಂದು ದುಡ್ಡು ತೆತ್ತು ಕುಳಿತದ್ದುಂಟು. ಗಣಕಯಂತ್ರ ಪೇಟೆಯಲ್ಲಿತ್ತು, ಮಕ್ಕಳು ಮನೆಯಲ್ಲಿದ್ದರು. ಆದ್ದರಿಂದ ಮಕ್ಕಳ ಸುರಕ್ಷತೆಯ ಪ್ರಶ್ನೆ ಯಾರನ್ನೂ ಬಾಧಿಸಲಿಲ್ಲ.

ಅಮೆರಿಕದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1998ರಲ್ಲಿ ಮಕ್ಕಳಿಗೆಂದೇ ಇದ್ದ 212 ಜಾಲತಾಣಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಶೇಕಡಾ 89ರಷ್ಟು ಮಕ್ಕಳಿಂದಲೇ ಅವರ ವೈಯಕ್ತಿಕ ವಿವರಗಳನ್ನು ಸಂಗ್ರಹಿಸುತ್ತಿದ್ದುವು. ಅದೇ ವರ್ಷ ಕಾಯಿದೆಯಾಯಿತು. 2000ದ ಏಪ್ರಿಲ್ 21ರಂದು ಜಾರಿಗೆ ಬಂದಿತು. ಹದಿಮೂರು ತುಂಬದ ಮಗುವಿನ ವಿವರ ಪಡೆಯಬೇಕಾದರೆ ಹೆತ್ತವರ ಒಪ್ಪಿಗೆ ಬೇಕೆಂಬುದು ಅದರ ಸಾರ. ಇಂದು ಅನೇಕ ಜಾಲತಾಣಗಳು ಕೇಳುವ ‘ಹದಿಮೂರು ವರ್ಷ’ದ ಮೂಲ ಇದೇ. ಹದಿಮೂರಕ್ಕೆ ಮಗುವಿಗೆ ಲೋಕಜ್ಞಾನ ಬರುತ್ತದೆಂದು ಯಾರೂ ಪ್ರಮಾಣಪತ್ರ ಕೊಟ್ಟದ್ದಲ್ಲ. ವ್ಯಾಪಾರಿಗಳು ಮಾಹಿತಿ ಸಂಗ್ರಹಿಸುವುದಕ್ಕೆ ಹಾಕಿದ ಗೆರೆ ಅದು.

ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂದಿತು. ಮರುವರ್ಷವೇ ಬೆಂಗಳೂರಿನಲ್ಲಿ ಸೈಬರ್ ಅಪರಾಧ ಪೊಲೀಸ್ ಠಾಣೆ ಸ್ಥಾಪನೆಯಾದುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆದರೆ ಅಶ್ಲೀಲತೆಯನ್ನು ಶಿಕ್ಷಿಸುವ 67ನೆಯ ಕಲಮಿನಲ್ಲಿ ಮಕ್ಕಳ ಬಗೆಗೆ ಪ್ರತ್ಯೇಕ ಮಾತಿರಲಿಲ್ಲ. ಮಕ್ಕಳ ಅಶ್ಲೀಲ ಚಿತ್ರಣವನ್ನೂ ಅವರನ್ನು ಜಾಲದ ಮೂಲಕ ಪುಸಲಾಯಿಸುವುದನ್ನೂ ಅಪರಾಧವೆಂದ 67-ಬಿ ಕಲಮು ಜಾರಿಯಾದುದು 2009ರ ಅಕ್ಟೋಬರ್ 27ರಂದು. 2012ರ ನವೆಂಬರ್ 14ರಿಂದ ಪೋಕ್ಸೊ ಕಾಯಿದೆ ಬಂದಿತು. 2023ರ ದತ್ತಾಂಶ ಸಂರಕ್ಷಣಾ ಕಾಯಿದೆ ಹೆತ್ತವರ ಒಪ್ಪಿಗೆಯ ಗೆರೆಯನ್ನು ಹದಿನೆಂಟಕ್ಕೆ ಎಳೆಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಕಾಯಿದೆ ಯಾವಾಗಲೂ ಮಕ್ಕಳ ಹಿಂದೆ ಓಡಿಬರುತ್ತಿದೆಯೆಂಬುದು ಈ ಇಸವಿಗಳಿಂದಲೇ ಸ್ಪಷ್ಟ.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿ ಪಾಠವೇ ಮೊಬೈಲಿಗೆ ಬಂದಾಗ ಮನೆಯಲ್ಲಿ ಉಳಿದಿದ್ದ ಹೊಸಿಲೂ ಇಲ್ಲವಾಯಿತು. ಹೊರನಾಡಿನ ನಮ್ಮ ಮನೆಗಳಲ್ಲಿ ಗಂಡ ಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವುದೇ ಹೆಚ್ಚು. ಶಾಲೆಯಿಂದ ಬಂದ ಮಗುವಿಗೆ ಬಾಗಿಲು ತೆರೆಯಲು ಅಜ್ಜಿ ಇಲ್ಲ. ಊರಿನ ಅಜ್ಜಿಯ ಮುಖ ಕಾಣುವುದೂ ಅದೇ ಮೊಬೈಲಿನಲ್ಲಿ. ಅದನ್ನು ಕಿತ್ತಿಡೋಣವೆಂದರೆ ಅಜ್ಜಿಯನ್ನೂ ಕಿತ್ತಿಟ್ಟಂತೆ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಚೇರಿಯಲ್ಲಿ ಸೇವಾ ಪುಸ್ತಕದ ಜನ್ಮದಿನಾಂಕ ಒಂದು ದಿನ ವ್ಯತ್ಯಾಸವಾದರೂ ದಾಖಲೆ ಕೇಳುವವರು ನಾವು. ಮನೆಯಲ್ಲಿ ಮಗನ ಹಟಕ್ಕೆ ಸೋತು, ಆಟದ ಖಾತೆ ತೆರೆಯುವಾಗ ಅವನ ವಯಸ್ಸಿಗೆ ಮೂರು ವರ್ಷ ನಾವೇ ಸೇರಿಸಿದೆವು. ಆರು ತಿಂಗಳ ನಂತರ, ಆಟದಲ್ಲಿ ಪರಿಚಯವಾದವನೊಬ್ಬ ಶಾಲೆಯ ಹೆಸರನ್ನೂ ಸಂಜೆ ಮನೆಯಲ್ಲಿ ಯಾರಿರುತ್ತಾರೆಂಬುದನ್ನೂ ಕೇಳಿದನೆಂದು ಮಗ ಬಂದು ಹೇಳಿದ. ಎದೆ ಧಸಕ್ಕೆಂದಿತು. ಗದರಲು ಬಾಯಿ ತೆರೆದಾಗ ನಮ್ಮಾಕೆ ಕಣ್ಸನ್ನೆಯಲ್ಲೇ ತಡೆದಳು. ಗದರಿದ್ದರೆ ಮುಂದಿನ ಸಲ ಅವನು ಹೇಳುತ್ತಿರಲಿಲ್ಲ. ಆ ಖಾತೆಯನ್ನು ಮುಚ್ಚಿಸಿದೆವು. ಅವನು ಎರಡು ದಿನ ಮುನಿಸಿಕೊಂಡಿದ್ದ, ಅಷ್ಟೆ.

ಮಕ್ಕಳಿಗೆ ತೊಂದರೆಯಾದರೆ 1098ಕ್ಕೆ ಕರೆ ಮಾಡಬಹುದು. 2018ರಲ್ಲಿ ಆರಂಭವಾದ ಕೇಂದ್ರ ಸರಕಾರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಕ್ಕಳ ಅಶ್ಲೀಲ ಚಿತ್ರಣದ ಬಗೆಗೆ ಹೆಸರು ತಿಳಿಸದೆಯೂ ದೂರು ಕೊಡಬಹುದು. ಇವೆಲ್ಲ ಅವಶ್ಯ. ಆದರೆ ಹೊಸ ಕಾಯಿದೆ ಕೇಳುತ್ತಿರುವುದು ಹೆತ್ತವರ ಒಪ್ಪಿಗೆಯನ್ನು. ಆ ಒಪ್ಪಿಗೆಯ ಪತ್ರದಲ್ಲಿ ನಾವೇ ಸುಳ್ಳು ಇಸವಿ ಬರೆದರೆ ಯಾವ ಸರಕಾರ ತಾನೇ ಏನು ಮಾಡೀತು?